ಕೆರೆ ಮೀನಿನ ಮುಳ್ಳಿಗೆ ತಕ್ಕ ಚಾಕು

ಹುಬ್ಬಳ್ಳಿ, ಧಾರವಾಡದ ಹೋಟೆಲ್ ಅಡುಗೆಮನೆಗಳಲ್ಲಿ ಮೀನು ಹಸನು ಮಾಡುವ ಕೆಲಸ ಕಲಿಸುವುದು ನನ್ನ ವೃತ್ತಿ. ಕಾರವಾರ, ಗೋವಾ ಕಡೆಯಿಂದ ಬರುವ ಸಮುದ್ರದ ಮೀನಿನಂತೆ ತುಂಗಭದ್ರಾ, ವರದಾ ನದಿಗಳ ಮತ್ತು ಊರ ಕೆರೆಗಳ ಮೀನನ್ನೂ ಮುಳ್ಳು ಬಿಡಿಸಿದ ಫಿಲೆಟ್ ಆಗಿಯೇ ಕೇಳುವ ಗಿರಾಕಿಗಳಿದ್ದಾರೆ. ಹೀಗಾಗಿ, ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ವಿಚಾರಿಸುವುದು ಯಾವ ಕಂಪನಿಯ ಚಾಕು ಕೊಳ್ಳಬೇಕು ಎಂಬುದನ್ನು. ನನ್ನ ದೃಷ್ಟಿಯಲ್ಲಿ ಕಂಪನಿಯ ಹೆಸರು ಕೊನೆಗೆ ಬರಬೇಕಾದ ಮಾತು. ಯಾವ ಜಾತಿಯ ಮೀನು, ಅದರ ಮೈಯೊಳಗೆ ಮುಳ್ಳು ಹೇಗೆ ಹರಡಿಕೊಂಡಿದೆ ಎಂಬುದು ತಿಳಿದರೆ ಚಾಕುವಿನ ಉದ್ದ, ದಪ್ಪ, ಬಾಗುವ ಗುಣ ಎಲ್ಲವೂ ತಾವಾಗಿಯೇ ನಿರ್ಧಾರವಾಗುತ್ತವೆ.

ನಮ್ಮ ಭಾಗದಲ್ಲಿ ಸಿಗುವ ಸಣ್ಣ ಸಿಹಿನೀರಿನ ಮೀನುಗಳನ್ನು ಈ ಕೆಲಸದ ಮಟ್ಟಿಗೆ ಎರಡು ಬಗೆಯಾಗಿ ನೋಡಬಹುದು. ಮಾರುವವರು ಜಿಲೇಬಿ ಎಂದು ಕರೆಯುವ ತಿಲಾಪಿಯಾ ಮತ್ತು ಕೊರವ ಮೀನುಗಳಲ್ಲಿ ಬೆನ್ನೆಲುಬು ಮತ್ತು ಪಕ್ಕೆಲುಬುಗಳನ್ನು ಬಿಡಿಸಿ, ಹೋಳಿನ ನಡುವೆ ಮುಂಭಾಗದಲ್ಲಿ ಉಳಿಯುವ ಕೆಲವು ಸಣ್ಣ ಮುಳ್ಳುಗಳನ್ನು ತೆಗೆದರೆ ಕೆಲಸ ಮುಗಿಯಿತು. ಗೆಂಡೆ, ರೋಹು, ಕಾಟ್ಲಾ, ಮೃಗಾಲ್‌ಗಳ ಕಥೆ ಬೇರೆ. ಇವುಗಳ ಮಾಂಸಖಂಡಗಳ ನಡುವೆ ಕವಲೊಡೆದ ಸಣ್ಣ ಮುಳ್ಳುಗಳು ಸಾಲುಸಾಲಾಗಿ ಹುದುಗಿರುತ್ತವೆ. ಅವು ಬೆನ್ನೆಲುಬಿಗೆ ಗಟ್ಟಿಯಾಗಿ ಅಂಟಿಕೊಂಡಿರದ ಕಾರಣ, ಬೆನ್ನೆಲುಬನ್ನು ಎಷ್ಟೇ ನಾಜೂಕಾಗಿ ಬಿಡಿಸಿದರೂ ಹೋಳಿನಲ್ಲಿಯೇ ಉಳಿಯುತ್ತವೆ. ಎರಡು ಮೂರು ಕಿಲೋ ತೂಗುವ ಕಾಟ್ಲಾದಲ್ಲಿ ಆ ಮುಳ್ಳಿನ ಸಾಲನ್ನೇ ಪಟ್ಟಿಯಾಗಿ ಕತ್ತರಿಸಿ ತೆಗೆಯಬಹುದು. ಕಾಲು ಕಿಲೋದ ಗೆಂಡೆಯಲ್ಲಿ ಹಾಗೆ ಮಾಡಹೋದರೆ ಮುಳ್ಳಿನ ಜೊತೆ ಮಾಂಸವೂ ಹೋಗಿ, ತಟ್ಟೆಗೆ ಹಾಕಲು ಏನೂ ಉಳಿಯುವುದಿಲ್ಲ. ಹುಬ್ಬಳ್ಳಿಯ ಮೀನು ಮಾರುಕಟ್ಟೆಯಲ್ಲಿ ಗೆಂಡೆ ಮಾರುವ ಹಿರಿಯ ಹೆಣ್ಣುಮಗಳೊಬ್ಬರು ಬೋನ್‌ಲೆಸ್ ಕೇಳಿದ ಗಿರಾಕಿಗೆ, "ಇದರ ಮುಳ್ಳ ತಗಿಯಾಕ ಆಗೂದಿಲ್ರಿ ಅಣ್ಣಾರ, ಸಣ್ಣಗ ಗೀರಿ ಕೊಡ್ತೀನಿ, ಕರದ ತಿನ್ರಿ" ಎಂದು ಹೇಳಿದ್ದನ್ನು ಕೇಳಿದ್ದೇನೆ. ಶಾಸ್ತ್ರವೂ ಅದೇ. ಮೀನಿನ ಎರಡೂ ಮಗ್ಗುಲಲ್ಲಿ 2ರಿಂದ 3 ಮಿ.ಮೀ. ಅಂತರದಲ್ಲಿ, ಬೆನ್ನೆಲುಬು ತಾಗುವವರೆಗೆ ಅಡ್ಡ ಗೀರಿದರೆ ಮುಳ್ಳುಗಳು ತುಂಡಾಗುತ್ತವೆ. ಮುಂದೆ ಕಾದ ಎಣ್ಣೆ ಗೀರಿನೊಳಗೆ ಇಳಿದು ಅವನ್ನು ಗರಿಗರಿಯಾಗಿಸುತ್ತದೆ. ಈ ಗೀರುವ ಕೆಲಸಕ್ಕೆ ಬಾಗುವ ಚಾಕು ತೀರ ನಿರುಪಯೋಗಿ. ಅಲಗು ಬಾಗಿದರೆ ಗೀರುಗಳ ಅಂತರ ತಪ್ಪುತ್ತದೆ, ಮುಳ್ಳು ಉದ್ದುದ್ದವಾಗಿ ಉಳಿಯುತ್ತದೆ. ತೆಳುವಾದ, ಬಾಗದ, ಬಾಯಿ ನೇರವಾಗಿರುವ ಸಾದಾ ತರಕಾರಿ ಚಾಕುವನ್ನೇ ಚೆನ್ನಾಗಿ ಮಸೆದು ಬಳಸಿದರೆ ಸಾಕು. ಗೆಂಡೆಯನ್ನಷ್ಟೇ ಬೇಯಿಸುವ ಮನೆಯವರು ಫಿಲೆಟ್ ಚಾಕುವಿಗೆ ಹಣ ಹಾಕಬೇಕಿಲ್ಲ.

ತಿಲಾಪಿಯಾಕ್ಕೆ ಮಾತ್ರ ಫಿಲೆಟ್ ಚಾಕು ಬೇಕೇ ಬೇಕು. ತಿಲಾಪಿಯಾದ ಒಟ್ಟು ತೂಕದಲ್ಲಿ ಫಿಲೆಟ್ ಆಗಿ ದಕ್ಕುವುದು ಸುಮಾರು ಮೂರನೆಯ ಒಂದು ಭಾಗ. 300 ಗ್ರಾಂ ಮೀನೆಂದರೆ ಮಗ್ಗುಲಿಗೆ 50 ಗ್ರಾಂ ಹೋಳು. ಬೆನ್ನೆಲುಬಿನ ಮೇಲೆ ಒಂದೆರಡು ಮಿ.ಮೀ. ಮಾಂಸ ಉಳಿದರೂ ದೊಡ್ಡ ಮೀನಿನಲ್ಲಿ ಅದು ಲೆಕ್ಕಕ್ಕೆ ಬಾರದು. ಇಲ್ಲಿ ಹೋಳಿನ ಒಳ್ಳೆಯ ಪಾಲೇ ಕಸದ ಬುಟ್ಟಿಗೆ ಹೋದಂತೆ.

ಕೆಲಸ ನಡೆಯುವ ಬಗೆಯನ್ನು ಗಮನಿಸಿದರೆ ಚಾಕುವಿನ ಆಕಾರ ಏಕೆ ಹಾಗಿರಬೇಕೆಂಬುದು ತಿಳಿಯುತ್ತದೆ. ಮೊದಲು ಬೆನ್ನಿನ ಈಜುರೆಕ್ಕೆಯ ಮುಳ್ಳುಗಳನ್ನು ಕತ್ತರಿಯಿಂದ ಕತ್ತರಿಸುವುದು ಲೇಸು, ಇಲ್ಲದಿದ್ದರೆ ಅವು ಅಂಗೈಗೆ ಚುಚ್ಚುತ್ತವೆ. ಕಿವಿರಿನ ಹಿಂದೆ ಓರೆಯಾಗಿ ಎಲುಬಿನವರೆಗೆ ಕೊಯ್ದು, ಬೆನ್ನಿನ ಗುಂಟ ಚಾಕುವಿನ ಮೊನೆಯನ್ನಷ್ಟೇ ಆಡಿಸುತ್ತ ಬಾಲದವರೆಗೆ ಸೀಳಬೇಕು. ಎರಡನೆಯ ಸಲ ಅದೇ ಸೀಳಿನಲ್ಲಿ ಅಲಗನ್ನು ಸ್ವಲ್ಪ ಆಳಕ್ಕೆ ಇಳಿಸಿ, ಎಲುಬಿಗೆ ಒರಗಿಸಿಕೊಂಡೇ ಎಳೆಯಬೇಕು. ಪಕ್ಕೆಲುಬಿನ ಮೇಲೆ ಹಾಯುವಾಗ ಅಲಗು ಸರಿಯಾದ ಕೋನದಲ್ಲಿದ್ದರೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಬೆರಳಿಗೂ ಕಿವಿಗೂ ತಿಳಿಯುತ್ತದೆ. ಸದ್ದು ನಿಂತಿತೆಂದರೆ ಚಾಕು ಮಾಂಸದೊಳಗೆ ಹೊರಳಿದೆ ಎಂದೇ ಅರ್ಥ. ಪಕ್ಕೆಲುಬು ಡೊಂಕಾಗಿರುವುದರಿಂದ ಅದರ ಮೈಗುಂಟ ಹೋಗಲು ಅಲಗೂ ಬಾಗಬೇಕು, ಹಾಗೆಂದು ತೀರ ಬಳುಕಬಾರದು. ಅಂಗಡಿಯಲ್ಲಿ ಪರೀಕ್ಷಿಸುವ ವಿಧಾನ ಸುಲಭ. ಮೊನೆಯನ್ನು ಮರದ ಹಲಗೆಯ ಮೇಲೆ ಊರಿ, ಹಿಡಿಯನ್ನು ಮೆಲ್ಲಗೆ ಒತ್ತಿದಾಗ ಅಲಗು 2ರಿಂದ 3 ಸೆಂ.ಮೀ. ಬಾಗಿ, ಬಿಟ್ಟೊಡನೆ ನೇರವಾಗಬೇಕು. ಬಾಗಿದ ಅಲಗು ಹಾಗೆಯೇ ನಿಂತರೆ ಅದರ ಉಕ್ಕಿಗೆ ಹದ ಸರಿಯಾಗಿ ಬಿದ್ದಿಲ್ಲ.

ಉದ್ದದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಫಿಲೆಟ್ ಚಾಕು ಎಂದು ಸಾಮಾನ್ಯವಾಗಿ ಮಾರುವುದು 7 ಅಥವಾ 8 ಇಂಚಿನದು, ಅದು ಸುರಮೈಯಂಥ ದೊಡ್ಡ ಮೀನಿಗೆ ತಕ್ಕದ್ದು. ಅಂಗೈ ಅಗಲದ ಮೀನಿನ ಮೇಲೆ ಅದನ್ನು ಹಿಡಿದರೆ ಮೊನೆ ಕೈಯಿಂದ ದೂರವಾಗಿ ಹತೋಟಿ ತಪ್ಪುತ್ತದೆ. 200ರಿಂದ 500 ಗ್ರಾಂವರೆಗಿನ ಮೀನಿಗೆ 5ರಿಂದ 6 ಇಂಚು, ಅದಕ್ಕಿಂತ ಸಣ್ಣದಕ್ಕೆ 4 ಇಂಚು ಸಾಕು. ಅಲಗಿನ ಅಗಲ ಹಿಡಿಯ ಹತ್ತಿರ 2 ಸೆಂ.ಮೀ. ಮೀರದೆ, ಬೆನ್ನಿನ ದಪ್ಪ 1.5 ಮಿ.ಮೀ. ಒಳಗೆ ಇದ್ದು, ಮೊನೆಯ ಕಡೆಗೆ ಎರಡೂ ಕಡಿಮೆಯಾಗುತ್ತ ಹೋಗಿರಬೇಕು. ಎರಡರಲ್ಲಿ ಒಂದನ್ನಷ್ಟೇ ಆರಿಸಿಕೊಳ್ಳಬೇಕಾಗಿ ಬಂದರೆ ನಾನು ದುಬಾರಿ ಉಕ್ಕನ್ನು ಬಿಟ್ಟು ತೆಳುವಾದ ಅಲಗನ್ನೇ ಆರಿಸುತ್ತೇನೆ.

ಕಂಬಾರರ ಕುಲುಮೆಯಲ್ಲಿ ಮಾಡಿಸಬಾರದೇ ಎಂದು ಹಾವೇರಿ, ಗದಗ ಕಡೆಯವರು ಕೇಳುವುದುಂಟು. ಲಾರಿಯ ಕಮಾನು ಪಟ್ಟಿ ಒಳ್ಳೆಯ ಉಕ್ಕು, ಕುಡಗೋಲಿಗೂ ಮಚ್ಚಿಗೂ ಅದಕ್ಕಿಂತ ಮೇಲಾದುದು ಸುಲಭವಾಗಿ ಸಿಗಲಾರದು. ಆದರೆ ದಪ್ಪ ಪಟ್ಟಿಯನ್ನು ಬಡಿದು ಬಡಿದು ಒಂದೂವರೆ ಮಿ.ಮೀ.ಗೆ ಇಳಿಸಿ, ಸೊಟ್ಟಗಾಗದಂತೆ ಹದ ಹಾಕುವುದು ಬಹಳ ನುರಿತ ಕೈಗೆ ಮಾತ್ರ ಸಾಧ್ಯ. ಕಬ್ಬಿಣ ಕೊಯ್ಯುವ ಹ್ಯಾಕ್‌ಸಾ ಬ್ಲೇಡನ್ನು ತೇಯ್ದು ಮಾಡಿದ ಚಾಕು ಮೀನು ಮಾರುವವರ ಬಳಿ ಕಾಣಸಿಗುತ್ತದೆ. ಅದರ ಹರಿತ ಬಹಳ ಹೊತ್ತು ನಿಲ್ಲುತ್ತದೆ, ಗೀರುವ ಕೆಲಸಕ್ಕೂ ಒಪ್ಪುತ್ತದೆ. ಯಂತ್ರದ ದಪ್ಪ ಬ್ಲೇಡಾದರೆ ಬಾಗಿಸಿದಾಗ ಫಟ್ಟೆಂದು ಮುರಿಯುವ ಸಂಭವವಿರುವುದರಿಂದ ಫಿಲೆಟ್‌ಗೆ ಸಲ್ಲದು. ಇನ್ನು ಈಳಿಗೆ: ಹುರುಪೆ ತೆಗೆಯಲು, ತಲೆ ಬೇರೆ ಮಾಡಲು, ಹೋಳು ಹಾಕಲು ಅದರಷ್ಟು ಅನುಕೂಲದ ಸಾಧನ ಇನ್ನೊಂದಿಲ್ಲ. ಅಲಗು ಕದಲದೆ ನಿಂತಿರುವುದರಿಂದ ಪಕ್ಕೆಲುಬಿನ ಡೊಂಕನ್ನು ಅನುಸರಿಸುವುದು ಮಾತ್ರ ಅದರಿಂದಾಗದು.

ಉಕ್ಕಿನ ಬಗ್ಗೆ ಚಿಕ್ಕದಾಗಿ ಹೇಳಬಹುದು. ನೀರಿನಲ್ಲಿಯೇ ನಡೆಯುವ ಕೆಲಸವಾದ್ದರಿಂದ ಸ್ಟೇನ್‌ಲೆಸ್ ಉಕ್ಕು ಒಳ್ಳೆಯದು. ರಾಕ್‌ವೆಲ್ ಸಿ ಮಾಪನದಲ್ಲಿ 54ರಿಂದ 58ರ ಗಡಸುತನ ಇದ್ದರೆ ಅಲಗು ಬಾಗುತ್ತದೆ, ಬೇಗ ಮಸೆಯಲೂ ಬರುತ್ತದೆ. 60 ದಾಟಿದ ಜಪಾನಿ ಮಾದರಿಯ ಚಾಕುಗಳ ತೆಳು ಬಾಯಿ ಎಲುಬಿಗೆ ತಾಗಿದಾಗ ಚಕ್ಕೆ ಏಳುತ್ತದೆ. ಹಿಡಿ ಮರದ್ದಾಗಿದ್ದರೆ ನೋಡಲು ಚೆಂದ, ಆದರೆ ಬಿರುಕಿನಲ್ಲಿ ಮೀನಿನ ಲೋಳೆ ಕೂತು ನಾರುತ್ತದೆ. ಒದ್ದೆ ಕೈಯಲ್ಲಿ ಜಾರದಂತಹ ಒರಟು ಮೈಯ ಪ್ಲಾಸ್ಟಿಕ್ ಅಥವಾ ರಬ್ಬರಿನ ಹಿಡಿ ಇರಲಿ, ಬೆರಳು ಅಲಗಿನ ಮೇಲೆ ಜಾರದಂತೆ ಮುಂದೆ ತಡೆಯೂ ಇರಲಿ.

ಕೆರೆ ಮೀನಿಗೆ ಮಣ್ಣಿನ ವಾಸನೆ ಎಂಬ ದೂರು ಸಾಮಾನ್ಯ. ನೀರಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ವಸ್ತು ಮೀನಿನ ಕೊಬ್ಬಿನಂಶದಲ್ಲಿ ಸೇರಿಕೊಳ್ಳುತ್ತದೆ. ಚರ್ಮವನ್ನೂ, ಹೋಳಿನ ನಡುಗೆರೆಯ ಗುಂಟ ಇರುವ ಕಂದುಬಣ್ಣದ ಮಾಂಸವನ್ನೂ ತೆಗೆದರೆ ವಾಸನೆ ಪೂರ್ತಿ ಹೋಗದಿದ್ದರೂ ತಕ್ಕಮಟ್ಟಿಗೆ ಇಳಿಯುತ್ತದೆ. ಹೋಳನ್ನು ಚರ್ಮ ಕೆಳಗಾಗುವಂತೆ ಹಲಗೆಯ ಮೇಲಿಟ್ಟು, ಬಾಲದ ತುದಿಯನ್ನು ಉಪ್ಪು ಸವರಿದ ಬೆರಳಿನಿಂದ ಹಿಡಿದು, ಅಲಗನ್ನು ಹಲಗೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಇಟ್ಟು ಚರ್ಮವನ್ನೇ ಅತ್ತಿತ್ತ ಎಳೆಯಬೇಕು. ಬಾಗುವ ಅಲಗಿನ ಪ್ರಯೋಜನ ಇಲ್ಲಿ ಮತ್ತೊಮ್ಮೆ ಕಾಣುತ್ತದೆ: ಹಿಡಿ ಹಲಗೆಗಿಂತ ಮೇಲಿದ್ದರೂ ಅಲಗು ಹಲಗೆಗೆ ಚಪ್ಪಟೆಯಾಗಿ ಒರಗುತ್ತದೆ.

ಮಸೆಯುವಾಗ ಪ್ರತಿ ಮಗ್ಗುಲಿಗೆ 15ರಿಂದ 17 ಡಿಗ್ರಿ ಕೋನ ಸಾಕು. ಒಂದು ಮಗ್ಗುಲು ಒರಟು, ಇನ್ನೊಂದು ನಯವಾಗಿರುವ ಸಾದಾ ಸಾಣೆಕಲ್ಲನ್ನು ನೆನೆಸಿ ಬಳಸಬಹುದು. ಕನ್ನಡಿಯ ಹೊಳಪು ಬರುವವರೆಗೆ ತಿಕ್ಕುವ ಅಗತ್ಯವಿಲ್ಲ, ತುಸು ತರಿ ಉಳಿದ ಬಾಯಿಯೇ ಜಾರುವ ಚರ್ಮವನ್ನು ಕಚ್ಚಿ ಹಿಡಿಯುತ್ತದೆ. ಬಳಸಿದ ಮೇಲೆ ಮೊದಲು ತಣ್ಣೀರಿನಲ್ಲಿಯೇ ತೊಳೆಯಬೇಕು. ಬಿಸಿನೀರು ತಾಗಿದರೆ ಲೋಳೆ ಬೆಂದು ಅಲಗಿಗೂ ಹಿಡಿಯ ಸಂದಿಗೂ ಅಂಟಿಕೊಳ್ಳುತ್ತದೆ. ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೆ ಈ ತೆಳು ಚಾಕುವನ್ನು ಕೊಡದಿರುವುದೇ ಒಳ್ಳೆಯದು. ಕೊಡಲೇಬೇಕಾದರೆ ಪಕ್ಕದಲ್ಲಿ ನಿಂತು, ಅಲಗನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದುವಂತೆ ಹೇಳಬೇಕು. ಒಣಚಕ್ರದ ಕಾವಿಗೆ ಬಾಯಿ ನೀಲಿಗಟ್ಟಿದರೆ ಅಲ್ಲಿಯ ಹದ ಹೋಗಿರುತ್ತದೆ, ಆ ಭಾಗವನ್ನು ಪೂರ್ತಿ ತೇಯ್ದು ತೆಗೆಯುವವರೆಗೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.