ಗಣ್ಯರ ಸಭೆ, ಮುಚ್ಚಿದ ನಿಲ್ದಾಣ: ಬಂದೋಬಸ್ತಿಗೆ ಬೆಂಗಳೂರಿನ ರೈಲು ಯಾಕೆ ತಡೆಯುತ್ತದೆ?

ಬೆಂಗಳೂರಿನಲ್ಲಿ ದೊಡ್ಡ ರಾಜಕೀಯ ಸಭೆ ಇದೆಯೆಂದರೆ ರಸ್ತೆ ಸಂಚಾರ ಬದಲಾವಣೆಯ ಪಟ್ಟಿ ಸಾಮಾನ್ಯವಾಗಿ ಹಿಂದಿನ ದಿನವೇ ಕೈಸೇರುತ್ತದೆ. ಯಾವ ವೃತ್ತದಲ್ಲಿ ತಿರುವು ಇಲ್ಲ, ಎಲ್ಲಿ ಗಾಡಿ ನಿಲ್ಲಿಸಬಾರದು, ಎಲ್ಲವೂ ಅದರಲ್ಲಿ ಇರುತ್ತದೆ. ರೈಲಿನ ವಿಷಯ ಹಾಗಲ್ಲ. ಮೆಟ್ರೋ ಯಾವ ನಿಲ್ದಾಣ ಬಿಟ್ಟು ಹೋಗುತ್ತದೆ, ಬಂಗಾರಪೇಟೆ ಕಡೆಯ ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು) ಮೆಜೆಸ್ಟಿಕ್‌ವರೆಗೆ ಬರುತ್ತದೋ ಕಂಟೋನ್ಮೆಂಟಿನಲ್ಲೇ ಮುಗಿಯುತ್ತದೋ ಎಂಬುದು ಬಹಳ ಸಲ ಪ್ಲಾಟ್‌ಫಾರಂ ಮೇಲೆ ನಿಂತಾಗಲೇ ತಿಳಿಯುತ್ತದೆ. ಭದ್ರತೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಹೊರೆ ದಿನವೂ ಪಾಸ್ ಹಿಡಿದು ಓಡಾಡುವವರ ಮೇಲೆ ಇಷ್ಟು ಭಾರವಾಗಿ ಬೀಳುವುದೇಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1984ರಲ್ಲಿ ಇಂದಿರಾ ಗಾಂಧಿ ಹತ್ಯೆ, ಮರುವರ್ಷ ಪ್ರಧಾನಿಯ ಕಾವಲಿಗೆ ವಿಶೇಷ ರಕ್ಷಣಾ ದಳ, 1988ರಲ್ಲಿ ಅದಕ್ಕೊಂದು ಕಾಯ್ದೆ, 1991ರಲ್ಲಿ ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ: ಇಂದಿನ ಬಂದೋಬಸ್ತಿನ ಬಿಗಿ ಬಂದದ್ದು ಈ ಹಾದಿಯಲ್ಲಿ. 1986ರ ನವೆಂಬರ್ 16 ಮತ್ತು 17ರಂದು ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್‌ನ ಎರಡನೇ ಶೃಂಗಸಭೆ ಬೆಂಗಳೂರಿನಲ್ಲೇ ನಡೆಯಿತು. ಏಳು ದೇಶಗಳ ನಾಯಕರು ಊರಲ್ಲಿದ್ದರು. ಆಗ ಮೆಟ್ರೋ ಇರಲಿಲ್ಲ, ಉಪನಗರ ರೈಲು 1983ರಿಂದ ಕಡತದಲ್ಲಿತ್ತು. ಊರೊಳಗಿನ ಓಡಾಟವೆಲ್ಲ ಬಸ್ಸು, ಸೈಕಲ್ಲು, ಸ್ಕೂಟರು. ಹಾಗಾಗಿ ಬಂದೋಬಸ್ತು ಎಂದರೆ ರಸ್ತೆ ಮುಚ್ಚುವುದು ಎಂಬ ಅಭ್ಯಾಸ ಆ ಕಾಲದ್ದು, ಮತ್ತು ಬಹುಮಟ್ಟಿಗೆ ಅದೇ ಉಳಿದುಬಂದಿದೆ.

ಶೃಂಗಸಭೆ ಮತ್ತು ಜನರ ರೈಲು ನೇರವಾಗಿ ಮುಖಾಮುಖಿಯಾದದ್ದು ಬೇರೆ ಊರುಗಳಲ್ಲಿ. 2004ರ ಮಾರ್ಚ್ 11ರಂದು ಮ್ಯಾಡ್ರಿಡ್‌ನ ಬೆಳಗಿನ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಅದೇ ಜುಲೈನಲ್ಲಿ ಬಾಸ್ಟನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ನಡೆದ ಕ್ರೀಡಾಂಗಣ ನಾರ್ತ್ ಸ್ಟೇಷನ್ನಿನ ನೆತ್ತಿಯ ಮೇಲೇ ಇತ್ತು. ಆ ವಾರ ನಿಲ್ದಾಣಕ್ಕೆ ಬೀಗ ಬಿತ್ತು. ಒಂದು ತಿಂಗಳ ನಂತರ ನ್ಯೂಯಾರ್ಕ್‌ನಲ್ಲಿ ರಿಪಬ್ಲಿಕನ್ ಪಕ್ಷದ ಮಹಾಧಿವೇಶನ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಕೆಳಗೆ ಇರುವುದು ಪೆನ್ ಸ್ಟೇಷನ್. ಅಲ್ಲಿ ಕೆಲವು ದ್ವಾರಗಳನ್ನಷ್ಟೇ ಮುಚ್ಚಿ ನಿಲ್ದಾಣ ನಡೆಸಿದರು. ಒಂದೇ ದೇಶ, ಒಂದೇ ವರ್ಷ, ಒಂದೇ ಬಗೆಯ ಅಪಾಯ, ಆದರೂ ಎರಡು ತೀರ್ಮಾನ. ನಿಲ್ದಾಣ ಮುಚ್ಚುವುದೊಂದೇ ದಾರಿಯಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

2012ರ ಮೇನಲ್ಲಿ ಷಿಕಾಗೊದ ನೇಟೋ ಶೃಂಗಸಭೆಯಲ್ಲಿ ಮೂರನೆಯ ಬಗೆ ಕಂಡಿತು. ಸಭಾಭವನದ ಕೆಳಗೇ ಹಾದುಹೋಗುವ ಮೆಟ್ರಾ ಎಲೆಕ್ಟ್ರಿಕ್ ಎಂಬ ಉಪನಗರ ರೈಲು ಮಾರ್ಗದಲ್ಲಿ ರೈಲು ಓಡಿತು. ಆದರೆ ಹಲವು ನಿಲ್ದಾಣ ಬಂದ್. ಒಬ್ಬರಿಗೆ ಒಂದೇ ಚೀಲ, ಅದೂ 15 ಇಂಚು ಚೌಕ, 4 ಇಂಚು ದಪ್ಪ ಮೀರುವಂತಿಲ್ಲ. ಊಟದ ಡಬ್ಬಿ, ಕಾಫಿ, ಸೈಕಲ್ ಯಾವುದೂ ಇಲ್ಲ. ಕಠಿಣ ನಿಯಮವೇ ಸರಿ, ಆದರೆ ಅಳತೆ ಸಮೇತ ಮುಂಚೆಯೇ ಹೇಳಿದ್ದರಿಂದ ಜನ ತಯಾರಾಗಿ ಬರಬಹುದಿತ್ತು.

2005ರ ಜುಲೈ 7ನ್ನೂ ಇಲ್ಲಿ ನೆನೆಯಬೇಕು. ಜಿ8 ನಾಯಕರು ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ಬಿಗಿ ಪಹರೆಯಲ್ಲಿ ಕುಳಿತಿದ್ದ ಹೊತ್ತಿಗೆ ಲಂಡನ್ನಿನ ಸುರಂಗ ರೈಲು ಮತ್ತು ಬಸ್ಸಿನಲ್ಲಿ 52 ಪ್ರಯಾಣಿಕರು ಕೊಲೆಯಾದರು. ಮರುವರ್ಷ ಜುಲೈ 11ರಂದು ಮುಂಬೈ ಲೋಕಲ್‌ಗಳಲ್ಲಿ ಏಳು ಸ್ಫೋಟ. ರಕ್ಷಣೆ ಬೇಕಿರುವುದು ಸಭೆಗೆ ಮಾತ್ರವಲ್ಲ, ರೈಲಿನಲ್ಲಿ ಕೂತವರಿಗೂ ಎಂಬುದನ್ನು ಬಂದೋಬಸ್ತಿನ ಚರ್ಚೆಯಲ್ಲಿ ಮರೆಯುವುದು ಸುಲಭ.

ಬೆಂಗಳೂರಿನ ಕತೆ ಬೇರೆ ತಿರುವು ಪಡೆದದ್ದು 2016ರ ಏಪ್ರಿಲ್ ಕೊನೆಯಲ್ಲಿ. ನಮ್ಮ ಮೆಟ್ರೋ 2011ರ ಅಕ್ಟೋಬರ್ 20ಕ್ಕೇ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಲು ಶುರುವಾಗಿತ್ತು, ಆದರೆ ಅಧಿಕಾರ ಕೇಂದ್ರವನ್ನು ಮುಟ್ಟಿರಲಿಲ್ಲ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ ಎಂಬ ಐದು ಸುರಂಗ ನಿಲ್ದಾಣಗಳು ತೆರೆದ ಮೇಲೆ ರಾಜ್ಯದ ಅತಿ ಸೂಕ್ಷ್ಮ ವಲಯದ ಅಡಿಯಲ್ಲೇ ಜನ ಓಡಾಡತೊಡಗಿದರು. ವಿಧಾನಸೌಧ ನಿಲ್ದಾಣದ ಮೆಟ್ಟಿಲು ಹತ್ತಿದರೆ ಅಂಬೇಡ್ಕರ್ ಬೀದಿ, ಆಚೀಚೆ ವಿಧಾನಸೌಧ ಮತ್ತು ಹೈಕೋರ್ಟು. ಕಬ್ಬನ್ ಪಾರ್ಕ್ ನಿಲ್ದಾಣದಿಂದ ರಾಜಭವನ ದೂರವಿಲ್ಲ. ಅಲ್ಲಿಂದ ಪೂರ್ವಕ್ಕೆ ಸುರಂಗ ಮುಗಿದು ರೈಲು ಎಂ.ಜಿ. ರಸ್ತೆಯ ಮೇಲ್ಸೇತುವೆಗೆ ಏರುತ್ತದೆ. ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿದು ರಸ್ತೆಯಲ್ಲಿ ರಾಜಭವನಕ್ಕೆ ಬರುವ ಗಣ್ಯರು ಇದೇ ಮೇಲ್ಸೇತುವೆಯ ಆಸುಪಾಸಿನಲ್ಲಿ ಹಾಯಬೇಕಾಗುತ್ತದೆ.

ಮೇಲ್ಸೇತುವೆಯೂ ಸುರಂಗವೂ ಭದ್ರತೆಯವರಿಗೆ ಎರಡು ಬೇರೆ ಸಮಸ್ಯೆ. ಮೇಲಿನ ಹಳಿ, ಪ್ಲಾಟ್‌ಫಾರಂಗಳಿಂದ ಕೆಳಗಿನ ಕಾನ್‌ವಾಯ್ ಕಾಣುತ್ತದೆ. ಅದಕ್ಕೆ ಬೆಂಗಾವಲು ದಾಟುವ ಕೆಲವು ನಿಮಿಷ ಎಚ್ಚರ ವಹಿಸಿದರೆ ಸಾಕು. ಸುರಂಗ ನಿಲ್ದಾಣದಲ್ಲಿ ಚಿಂತೆ ರೈಲಿನದಲ್ಲ, ದ್ವಾರದ್ದು. ಪ್ರತಿ ದ್ವಾರ, ಪ್ರತಿ ಲಿಫ್ಟು ನೇರ ರಸ್ತೆಗೆ ತೆರೆದುಕೊಳ್ಳುತ್ತದೆ. ತಪಾಸಣೆ ಒಳಗೆ ಹೋಗುವವರಿಗೆ, ಹೊರಬರುವವರಿಗಿಲ್ಲ. ಒಂದು ರೈಲು ಬಂದರೆ ಏಕಕಾಲಕ್ಕೆ ಇನ್ನೂರು, ಮುನ್ನೂರು ಜನ ಮೇಲೆ ಬರಬಹುದು. ಎಲ್ಲ ದ್ವಾರಗಳಿಗೂ ಸಿಬ್ಬಂದಿ ಹಾಕುವುದಕ್ಕಿಂತ ಇಡೀ ನಿಲ್ದಾಣಕ್ಕೆ ಬಾಗಿಲು ಹಾಕುವುದು ಕಡಿಮೆ ಖರ್ಚಿನ ಕೆಲಸ. ಆ ಉಳಿತಾಯದ ಬೆಲೆ ತೆರುವವರು ಪ್ರಯಾಣಿಕರು.

ತೀರ್ಮಾನ ಹೀಗೆ ಹುಟ್ಟುತ್ತದೆ. ಗಣ್ಯರ ಭೇಟಿಗೆ ಕೆಲವು ದಿನ ಮೊದಲು ಕೇಂದ್ರದ ಮತ್ತು ರಾಜ್ಯದ ಭದ್ರತಾ ಅಧಿಕಾರಿಗಳು, ಸಂಬಂಧಪಟ್ಟ ಇಲಾಖೆಯವರು ಸೇರಿ ಪೂರ್ವಭಾವಿ ಸಭೆ ಮಾಡುತ್ತಾರೆ. ಸ್ಥಳ ನೋಡುತ್ತಾರೆ, ಮಾರ್ಗ ಮತ್ತು ಬದಲಿ ಮಾರ್ಗ ಗುರುತಿಸುತ್ತಾರೆ. ಆಮೇಲೆ ಶ್ವಾನದಳ, ಬಾಂಬ್ ನಿಷ್ಕ್ರಿಯ ದಳದ ತಪಾಸಣೆ. ಒಮ್ಮೆ ತಪಾಸಣೆ ಮುಗಿದ ಜಾಗಕ್ಕೆ ಮತ್ತೆ ಜನರನ್ನು ಬಿಟ್ಟರೆ ಮೊದಲಿಂದ ಶುರು ಮಾಡಬೇಕು. ಹಾಗಾಗಿ ಕಾರ್ಯಕ್ರಮ ಒಂದು ಗಂಟೆಯದಾದರೂ ಜಾಗ ಮೂರು ನಾಲ್ಕು ಗಂಟೆ ಮುಚ್ಚಿರುತ್ತದೆ. ಗಣ್ಯರ ಚಲನವಲನದ ನಿಖರ ಸಮಯ ಗುಟ್ಟು. ಅದು ಗುಟ್ಟಾಗಿರಬೇಕಾದದ್ದೇ. ಆದರೆ ಆ ಗುಟ್ಟಿನ ಜೊತೆ ನಿಲ್ದಾಣ ಎಷ್ಟು ಹೊತ್ತು ಮುಚ್ಚಿರುತ್ತದೆ ಎಂಬ ಮಾಹಿತಿಯೂ ಗುಟ್ಟಾಗಿಬಿಡುತ್ತದೆ. ಎರಡನ್ನೂ ಬಿಡಿಸಿ ನೋಡಬಹುದು. ಬೆಳಿಗ್ಗೆ 9ರಿಂದ 1ರವರೆಗೆ ಇಂಥ ನಿಲ್ದಾಣದಲ್ಲಿ ಪ್ರವೇಶವಿಲ್ಲ ಎಂದು ಹಿಂದಿನ ದಿನ ಹೇಳಿದರೆ ಕಾನ್‌ವಾಯ್ ಎಷ್ಟು ಗಂಟೆಗೆ ಹೊರಡುತ್ತದೆಂದು ಯಾರಿಗೂ ತಿಳಿಯುವುದಿಲ್ಲ.

ಮುಚ್ಚುವುದರಲ್ಲೂ ಎರಡು ಬಗೆ, ಪರಿಣಾಮದಲ್ಲಿ ಅಜಗಜಾಂತರ. ಮೊದಲನೆಯದು ನಿಲ್ಲದೆ ಹೋಗುವುದು. ಬೈಯಪ್ಪನಹಳ್ಳಿಯ ನಿಯಂತ್ರಣ ಕೇಂದ್ರದಿಂದ ಆದೇಶ ಬಂದ ಮೇಲೆ ರೈಲು ಆ ಪ್ಲಾಟ್‌ಫಾರಂ ದಾಟಿ ಮುಂದೆ ಸಾಗುತ್ತದೆ. ನಿಲ್ದಾಣದಲ್ಲಿ ಮೊದಲು ಪ್ರವೇಶದ ಗೇಟು ಬಂದ್, ಆಮೇಲೆ ಲಿಫ್ಟು, ಕೊನೆಗೆ ಒಳಗಿದ್ದವರನ್ನು ಹೊರಗೆ ಕಳಿಸಿ ಷಟರ್. ಸಿಬ್ಬಂದಿ ಮಾತ್ರ ಒಳಗೇ ಉಳಿಯಬೇಕು, ಏಕೆಂದರೆ ಸುರಂಗದ ಗಾಳಿ ಯಂತ್ರ, ಬೆಂಕಿ ಎಚ್ಚರಿಕೆ ವ್ಯವಸ್ಥೆಗಳನ್ನು ರೈಲು ಓಡುತ್ತಿರುವಾಗ ಬಿಟ್ಟುಹೋಗುವಂತಿಲ್ಲ. ಪ್ರಯಾಣಿಕರಿಗೆ ಇದರಿಂದ ಆಗುವ ತೊಂದರೆ ಸಹಿಸಬಹುದಾದದ್ದು. ವಿಧಾನಸೌಧದ ಬದಲು ಸೆಂಟ್ರಲ್ ಕಾಲೇಜಿನಲ್ಲೋ ಕಬ್ಬನ್ ಪಾರ್ಕಿನಲ್ಲೋ ಇಳಿದು ಹತ್ತು ಹದಿನೈದು ನಿಮಿಷ ನಡೆದರಾಯಿತು. ಕೈಲಾಗದ ವೃದ್ಧರಿಗೆ, ಗಾಲಿಕುರ್ಚಿಯವರಿಗೆ ಅದೂ ದೊಡ್ಡ ಕಷ್ಟವೇ, ಅದರಲ್ಲೂ ಮೇಲೆ ರಸ್ತೆ ಮುಚ್ಚಿ ಆಟೋ ಸಿಗದಿದ್ದಾಗ.

ಎರಡನೆಯದು ರೈಲು ಓಡಾಟವನ್ನೇ ತಡೆಯುವುದು. ಲೆಕ್ಕ ಹಾಕಿ ನೋಡಿ. ದಟ್ಟಣೆ ಹೊತ್ತಿನಲ್ಲಿ ನಾಲ್ಕು ನಿಮಿಷಕ್ಕೊಂದು ರೈಲು ಇದೆಯೆನ್ನಿ. 20 ನಿಮಿಷ ತಡೆದರೆ ಒಂದೊಂದು ದಿಕ್ಕಿನಲ್ಲಿ ಐದು ರೈಲು ಹಿಂದೆ ಉಳಿಯುತ್ತವೆ. ಆರು ಬೋಗಿಯ ಒಂದು ರೈಲಿನಲ್ಲಿ 1,500 ಜನರಿದ್ದರೂ ಎರಡೂ ದಿಕ್ಕು ಸೇರಿ 15,000 ಮಂದಿ ನಿಂತಲ್ಲೇ ಸಿಕ್ಕಿಕೊಂಡರು. ಎರಡು ನಿಲ್ದಾಣಗಳ ನಡುವೆ ಸುರಂಗದಲ್ಲಿ ರೈಲು ನಿಲ್ಲಿಸಬಾರದು, ಆದ್ದರಿಂದ ಒಂದೊಂದನ್ನೂ ಹಿಂದಿನ ನಿಲ್ದಾಣಗಳಲ್ಲಿ ಬಾಗಿಲು ತೆರೆದು ಹಿಡಿದಿಡಬೇಕು. ತಡೆ ತೆಗೆದ ಮೇಲೆ ಮೊದಲ ರೈಲಿಗೆ ಪ್ರತಿ ನಿಲ್ದಾಣದಲ್ಲೂ ಐದು ರೈಲಿನ ಜನ ಕಾದಿರುತ್ತಾರೆ. ಹತ್ತಿ ಇಳಿಯುವುದು ನಿಧಾನ, ಬಾಗಿಲು ಮುಚ್ಚುವುದಿಲ್ಲ, ಹಿಂದಿನ ರೈಲು ಮತ್ತೆ ಕಾಯುತ್ತದೆ. 20 ನಿಮಿಷದ ತಡೆ ಸರಿಹೋಗಲು ಒಂದು ಗಂಟೆಗೂ ಮೀರಿ ಬೇಕಾಗುವುದು ಹೀಗೆ.

ತಡೆ ದೀರ್ಘವಾದರೆ ಮಾರ್ಗವನ್ನು ಎರಡು ತುಂಡು ಮಾಡಿ ಓಡಿಸುವುದುಂಟು. ಆದರೆ ರೈಲು ಬೇಕಾದಲ್ಲಿ ಹಿಂತಿರುಗುವುದಿಲ್ಲ. ಒಂದು ಹಳಿಯಿಂದ ಪಕ್ಕದ ಹಳಿಗೆ ದಾಟಿಸುವ ಕ್ರಾಸ್‌ಓವರ್ ಇರುವಲ್ಲಿ ಮಾತ್ರ ಅದು ಸಾಧ್ಯ, ಮತ್ತು ಅದು ಎಲ್ಲ ನಿಲ್ದಾಣದಲ್ಲೂ ಇಲ್ಲ. ಹಳಿ ದುರಸ್ತಿಗೆಂದು ಭಾನುವಾರ ಬೆಳಿಗ್ಗೆ ಸೇವೆ ನಿಲ್ಲಿಸಿದಾಗ ಇದನ್ನು ಗಮನಿಸಬಹುದು: ಕೆಲಸ ಇರುವುದು ಚಿಕ್ಕ ತುಂಡಿನಲ್ಲಾದರೂ ಸೇವೆ ನಿಲ್ಲುವುದು ಅದಕ್ಕಿಂತ ಉದ್ದಕ್ಕೆ.

ಜನಸಂದಣಿಯ ಕಾರಣಕ್ಕೆ ನಿಲ್ದಾಣ ಮುಚ್ಚುವುದು ಇನ್ನೊಂದು ಬಗೆ. 2025ರ ಜೂನ್ 4ರಂದು ಆರ್‌ಸಿಬಿ ತಂಡದ ಐಪಿಎಲ್ ವಿಜಯೋತ್ಸವಕ್ಕೆ ವಿಧಾನಸೌಧ ಮತ್ತು ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ಸೇರಿ, ಕಾಲ್ತುಳಿತದಲ್ಲಿ 11 ಜೀವ ಹೋದವು. ಅಂದು ಮೆಟ್ರೋದಲ್ಲಿ 9.66 ಲಕ್ಷ ಮಂದಿ ಓಡಾಡಿದರು, ಅಲ್ಲಿಯವರೆಗಿನ ದಾಖಲೆ. ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧದಲ್ಲಿ ನಿಲುಗಡೆ ರದ್ದು ಮಾಡಿದ್ದು ಸಂಜೆ, ಜನ ಆಗಲೇ ನೆರೆದ ಮೇಲೆ. ಸಂದಣಿ ತಡೆಯಲು ನಿಲ್ದಾಣ ಮುಚ್ಚಬೇಕಾದದ್ದು ಜನ ಬರುವ ಮೊದಲು. ಬಂದ ಮೇಲೆ ಮುಚ್ಚಿದರೆ ಅವರಿಗೆ ಮನೆಗೆ ಹೋಗುವ ದಾರಿ ಮುಚ್ಚಿದಂತೆ, ಅಕ್ಕಪಕ್ಕದ ನಿಲ್ದಾಣಗಳ ಮೇಲೆ ಒತ್ತಡ ಬಿದ್ದಂತೆ.

ಇನ್ನು ಮೆಜೆಸ್ಟಿಕ್‌ನ ಕೆಎಸ್‌ಆರ್ ರೈಲು ನಿಲ್ದಾಣ, ಅಂದರೆ ಸಿಟಿ ರೈಲು ನಿಲ್ದಾಣ. ಹತ್ತು ಪ್ಲಾಟ್‌ಫಾರಂ ಇದ್ದರೂ ಮೂರು ದಿಕ್ಕಿನಿಂದ ಬರುವ ಜೋಡಿ ಹಳಿಗಳೇ ಅದರ ಮಿತಿ: ಕಂಟೋನ್ಮೆಂಟ್, ಮಲ್ಲೇಶ್ವರ, ಮೈಸೂರು ಕಡೆ. ಉದ್ಘಾಟನೆಗೆ ಒಂದೆರಡು ಪ್ಲಾಟ್‌ಫಾರಂ ಖಾಲಿ ಮಾಡಿಸಿದರೆ ಒಳಬರುವ ಗಾಡಿಗಳು ಹೊರಗಿನ ಸಿಗ್ನಲ್‌ನಲ್ಲಿ ಸಾಲು ನಿಲ್ಲುತ್ತವೆ. ಸಾಲಿನಲ್ಲಿ ಎಕ್ಸ್‌ಪ್ರೆಸ್‌ಗೆ ಆದ್ಯತೆ, ಮೆಮು ಕೊನೆಗೆ. ಒಂದೇ ರೇಕು (ಬೋಗಿಗಳ ಜೋಡಣೆ) ದಿನವಿಡೀ ಹೋಗಿ ಬರುವುದರಿಂದ ಬೆಳಿಗ್ಗೆ ತುಮಕೂರಿಂದ ತಡವಾಗಿ ಬಂದದ್ದು ಮಧ್ಯಾಹ್ನದ ಗಾಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಮಾರಿಕುಪ್ಪಂನಿಂದ ಬರುವ ಕೂಲಿಯವರಿಗೆ, ರಾಮನಗರದ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಅರ್ಧ ಗಂಟೆ ತಡ ಎಂದರೆ ಅರ್ಧ ದಿನದ ಸಂಬಳ ಹೋಗಬಹುದು.

ಇಂಥ ದಿನ ಕೋಲಾರದ ಕಡೆಯಿಂದ ಬರುವವರು ಕೆ.ಆರ್. ಪುರ ಅಥವಾ ಬೈಯಪ್ಪನಹಳ್ಳಿಯಲ್ಲೇ ಇಳಿದು ಮೆಟ್ರೋ ಹಿಡಿಯುವುದು ಮೇಲು. ಕಂಟೋನ್ಮೆಂಟಿನಲ್ಲಿ ಇನ್ನೂ ಮೆಟ್ರೋ ಇಲ್ಲ, ಹೊರಗೆ ಬಂದರೆ ಮುಚ್ಚಿದ ರಸ್ತೆಯೇ ಸಿಗಬಹುದು. ತುಮಕೂರು ಕಡೆಯವರಿಗೆ ಯಶವಂತಪುರ ಅನುಕೂಲ, ಅಲ್ಲಿ ಹಸಿರು ಮಾರ್ಗ ಪಕ್ಕದಲ್ಲೇ ಇದೆ.

ವಾರದ ಯಾವ ದಿನ ಎಂಬುದೂ ಮುಖ್ಯ. ಉಪನಗರ ರೈಲಿನ ಶಂಕುಸ್ಥಾಪನೆಗೆ ಪ್ರಧಾನಿ ಬಂದ 2022ರ ಜೂನ್ 20 ಸೋಮವಾರ. ಮೈಸೂರು–ಚೆನ್ನೈ ವಂದೇ ಭಾರತ್‌ಗೆ ಕೆಎಸ್‌ಆರ್‌ನಲ್ಲಿ ಹಸಿರು ನಿಶಾನೆ ತೋರಿದ ಅದೇ ವರ್ಷದ ನವೆಂಬರ್ 11 ಶುಕ್ರವಾರ. 26 ವಿರೋಧ ಪಕ್ಷಗಳು ರೇಸ್‌ಕೋರ್ಸ್ ರಸ್ತೆಯ ಹೋಟೆಲಿನಲ್ಲಿ ಸಭೆ ಸೇರಿದ 2023ರ ಜುಲೈ 17, 18 ಸೋಮವಾರ, ಮಂಗಳವಾರ. ಬೆಳಗಾವಿ ವಂದೇ ಭಾರತ್ ಮತ್ತು ಹಳದಿ ಮಾರ್ಗ ಒಟ್ಟಿಗೆ ಉದ್ಘಾಟನೆಯಾದ 2025ರ ಆಗಸ್ಟ್ 10 ಮಾತ್ರ ಭಾನುವಾರ. ಇದು ಯಾವ ಒಂದು ಪಕ್ಷದ ಅಭ್ಯಾಸವೂ ಅಲ್ಲ. ಆದರೆ ಕಚೇರಿ, ಶಾಲೆ ಇಲ್ಲದ ದಿನ ಅದೇ ಬಂದೋಬಸ್ತಿಗೆ ಸಿಕ್ಕಿಕೊಳ್ಳುವ ಪ್ರಯಾಣಿಕರ ಸಂಖ್ಯೆ ಎಷ್ಟೋ ಕಡಿಮೆ.

2023ರ ಸೆಪ್ಟೆಂಬರಿನ ದೆಹಲಿ ಜಿ20 ಶೃಂಗಸಭೆಯಿಂದ ಕಲಿಯಲು ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಉತ್ತರ ರೈಲ್ವೆ 200ಕ್ಕೂ ಹೆಚ್ಚು ರೈಲುಗಳನ್ನು ರದ್ದು ಮಾಡಿತು, ಹೊರವಲಯದಿಂದ ದಿನವೂ ಬರುವವರು ನೊಂದರು. ಆದರೆ ಮೆಟ್ರೋದಲ್ಲಿ ಸುಪ್ರೀಂ ಕೋರ್ಟ್ ನಿಲ್ದಾಣದ ಪ್ರವೇಶ, ನಿರ್ಗಮನವನ್ನು ಎರಡು ದಿನ ನಿಲ್ಲಿಸುವ ವಿಷಯ ಮುಂಚೆಯೇ ಸಾರಿದ್ದರು. ಬಂದೋಬಸ್ತಿಗೆ ಹೋಗುವ ಪೊಲೀಸರಿಗೂ ಇತರ ಸಿಬ್ಬಂದಿಗೂ ಅನುಕೂಲವಾಗಲೆಂದು ಮೂರು ದಿನ ಬೆಳಿಗ್ಗೆ 4ಕ್ಕೇ ರೈಲು ಬಿಟ್ಟರು. ರೈಲನ್ನು ಭದ್ರತೆಯ ಅಡ್ಡಿಯೆಂದು ನೋಡದೆ ಭದ್ರತೆಯ ಸಾಧನವಾಗಿ ಬಳಸಿದ ಉದಾಹರಣೆಯಿದು. ನಮ್ಮಲ್ಲಿ 2023ರ ಮೇನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಓಡಾಟಕ್ಕೆ ಝೀರೋ ಟ್ರಾಫಿಕ್ (ಬೇರೆ ವಾಹನಗಳನ್ನೆಲ್ಲ ತಡೆದು ದಾರಿ ಬಿಡುವುದು) ಬೇಡವೆಂದದ್ದು ರಸ್ತೆಗೆ ಸಂಬಂಧಿಸಿದ್ದು. ರೈಲಿಗೆ ಅಂಥ ಮಾತು ಯಾರೂ ಆಡಿಲ್ಲ.

ಇನ್ನು ಮುಂದೆ ಈ ತೊಡಕು ಹೆಚ್ಚಲಿದೆ. ಗುಲಾಬಿ ಮಾರ್ಗ ಪೂರ್ತಿಯಾದರೆ ಎಂ.ಜಿ. ರಸ್ತೆ ಅದಲುಬದಲು ನಿಲ್ದಾಣವಾಗುತ್ತದೆ. ಆಗ ಅದನ್ನು ಮುಚ್ಚಿದರೆ ಇಳಿಯುವವರ ಜೊತೆ ರೈಲು ಬದಲಿಸುವವರೂ ಸಿಕ್ಕಿಕೊಳ್ಳುತ್ತಾರೆ. ಹೊರದ್ವಾರಕ್ಕೆ ಮಾತ್ರ ಬೀಗ ಹಾಕಿ, ಒಳಗೆ ಒಂದು ಮಾರ್ಗದಿಂದ ಇನ್ನೊಂದಕ್ಕೆ ಹೋಗುವುದನ್ನು ಬಿಡುವ ಕ್ರಮವನ್ನು ಈಗಲೇ ಬರೆದಿಡಬೇಕು. 148 ಕಿ.ಮೀ. ಉಪನಗರ ರೈಲಿನ ಸಂಪಿಗೆ ಮಾರ್ಗ ಕೆಎಸ್‌ಆರ್‌ನಿಂದಲೇ ಹೊರಡಲಿದೆ. ಕೆಎಸ್‌ಆರ್ ಮುಚ್ಚಿದ ದಿನ ದೇವನಹಳ್ಳಿ ಕಡೆಯ ಗಾಡಿ ಯಶವಂತಪುರದಲ್ಲಿ ಹಿಂತಿರುಗಬೇಕಾದರೆ ಅಲ್ಲಿ ಕ್ರಾಸ್‌ಓವರ್ ಇರಬೇಕು, ಮತ್ತು ಅದನ್ನು ಹಳಿ ಹಾಸುವ ಮುನ್ನವೇ ನಕ್ಷೆಯಲ್ಲಿ ಸೇರಿಸಬೇಕು.