ಚಾಳೀಸು ಬಂತು, ಕೈ ಸಾಲದಾಯ್ತು

ಮೊನ್ನೆ ಮಾತ್ರೆಯ ಶೀಟ್ ಹಿಡಿದು ಎಕ್ಸ್‌ಪೈರಿ ತಾರೀಖು ಓದಲು ಹೊರಟೆ. ಹತ್ತಿರ ಹಿಡಿದರೆ ಮಸುಕು. ದೂರ ಹಿಡಿದೆ, ಇನ್ನೂ ದೂರ ಹಿಡಿದೆ, ಅಷ್ಟರಲ್ಲಿ ಕೈಯೇ ಮುಗಿದುಹೋಯಿತು. "ಕೊಡಪ್ಪಾ, ಆ ಗೋಡೆ ಹತ್ರ ನಿಂತು ಹಿಡ್ಕೋತೀನಿ" ಎಂದಳು ಮಗಳು. ಹೆಂಡತಿ ತಲೆ ಎತ್ತದೆ, "ಡೇಟ್ ಮುಗಿದಿರೋದು ಮಾತ್ರೆದೋ ನಿಮ್ದೋ ನೋಡ್ಕೊಳ್ಳಿ" ಎಂದಳು.

ನನಗೆ 46. ಚಾಳೀಸು ಬಂದಿದೆ. ಎಂಥ ನಿಷ್ಠುರ ಪದ ನೋಡಿ. ಹಿಂದಿ, ಮರಾಠಿಯಲ್ಲಿ ಚಾಳೀಸ್ ಅಂದರೆ ನಲವತ್ತು, ಅಷ್ಟೇ. ಕಾಯಿಲೆಯ ಸುದ್ದಿಯೇ ಇಲ್ಲ, ಸುಮ್ನೆ ವಯಸ್ಸು ಹೇಳಿ ಕಳಿಸಿಬಿಡುತ್ತದೆ.

ಕಣ್ಣಿನ ಪಾಪೆಯ ಹಿಂದೆ ಬೇಳೆಯಂಥ ಒಂದು ಲೆನ್ಸ್ ಇದೆ. ಹತ್ತಿರದ್ದನ್ನು ನೋಡುವಾಗ ಅದರ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಲೆನ್ಸನ್ನು ಎಳೆದು ಹಿಡಿದ ಎಳೆಗಳು ಸಡಿಲವಾಗುತ್ತವೆ, ಲೆನ್ಸ್ ತಾನಾಗಿಯೇ ಉಬ್ಬುತ್ತದೆ. ಗಡಸಾದ ಲೆನ್ಸ್ ಹಾಗೆ ಉಬ್ಬಲಾರದು. ಈ ಗಡಸುತನ ನಲವತ್ತಕ್ಕೆ ಶುರುವಾಗುವುದಲ್ಲ, ಚಿಕ್ಕಂದಿನಿಂದಲೇ ನಡೆದಿರುತ್ತದೆ, ಗೊತ್ತಾಗುವುದು ಮಾತ್ರ ಕೈ ಸಾಲದೇ ಹೋದಾಗ. ನಗುತ್ತಿದ್ದ ಮಗಳಿಗೆ ಇದನ್ನು ಸ್ವಲ್ಪ ಜಾಸ್ತಿಯೇ ವಿವರವಾಗಿ ಹೇಳಿದೆ.

ಚರ್ಮದ ಹಳೆ ಜೀವಕೋಶಗಳು ಉದುರಿ ಹೋಗುತ್ತವೆ. ಲೆನ್ಸಿನವಕ್ಕೆ ಹೋಗಲು ದಾರಿಯಿಲ್ಲ. ಈರುಳ್ಳಿಯ ಹಾಗೆ ಹೊರಗಡೆ ಹೊಸ ಪದರ ಸೇರುತ್ತಲೇ ಇರುತ್ತದೆ, ಹಳೆಯವು ಒಳಗೆ ಒತ್ತಿಕೊಂಡು ಕೂತಿರುತ್ತವೆ. ನಟ್ಟನಡುವೆ ಇರುವುದು ನಾವು ಅಮ್ಮನ ಹೊಟ್ಟೆಯಲ್ಲಿದ್ದಾಗ ತಯಾರಾದ ಮಾಲು. ಇದನ್ನೇ ನಂಬಿ ವಿಜ್ಞಾನಿಗಳು 28 ಗ್ರೀನ್‌ಲ್ಯಾಂಡ್ ಶಾರ್ಕ್‌ಗಳ ಲೆನ್ಸಿನ ನಡುಭಾಗದಲ್ಲಿ ವಯಸ್ಸಿನ ಸುಳಿವು ಕೊಡುವ ಕಾರ್ಬನ್-14 ಅಳೆದು, 2016ರಲ್ಲಿ ಅವುಗಳ ವಯಸ್ಸು ಪ್ರಕಟಿಸಿದರು. ಐದು ಮೀಟರ್ ಉದ್ದದ ಅತಿ ದೊಡ್ಡ ಶಾರ್ಕಿಗೆ ಸುಮಾರು 392 ವರ್ಷ. 120 ವರ್ಷ ಹೆಚ್ಚೂಕಡಿಮೆ ಇರಬಹುದಂತೆ, ನಮ್ಮ ಅಜ್ಜನ ಹುಟ್ಟಿದ ತಾರೀಖಿನ ಹಾಗೆ. ಈ ಹೆಣ್ಣು ಶಾರ್ಕ್‌ಗಳು ಮರಿ ಹಾಕುವ ವಯಸ್ಸಿಗೆ ಬರುವುದೇ ಸುಮಾರು 150ಕ್ಕೆ ಅಂತೆ. ಅಲ್ಲಿಯವರೆಗೂ "ನಿನಗೆ ಯಾವಾಗ ಬುದ್ಧಿ ಬರುತ್ತೋ" ಅನ್ನಿಸಿಕೊಳ್ಳುವುದನ್ನು ನೆನೆಸಿಕೊಳ್ಳಿ.

ಅಮ್ಮನಿಗೆ ಈಚೆಗೆ ಪೊರೆಯ ಆಪರೇಷನ್ ಆಯಿತು. ಹಳೆ ಲೆನ್ಸನ್ನು ಪುಡಿ ಮಾಡಿ, ಹೀರಿ ತೆಗೆದು, ಪ್ಲಾಸ್ಟಿಕ್ಕಿನ ಹೊಸದು ಕೂರಿಸಿದರು. ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ವಿಮಾನದ ಪ್ಲಾಸ್ಟಿಕ್ ಚೂರು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡಿದ್ದನ್ನು ಗಮನಿಸಿ, 1949ರಲ್ಲಿ ಲಂಡನ್ನಿನ ಕಣ್ಣಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಶುರು ಮಾಡಿದ ಕೆಲಸ ಈ ಲೆನ್ಸ್ ಕೂರಿಸುವುದು. ಮನೆಯಲ್ಲಿ ಈಗ ಎಲ್ಲರಿಗಿಂತ ಎಳೆಯ ಲೆನ್ಸ್ ಅಮ್ಮನದೇ. ಅಜ್ಜಿಯ ಹೊಟ್ಟೆಯಲ್ಲಿ ತಯಾರಾಗಿದ್ದ ಆ ಚೂರು ಮಾತ್ರ ಆಸ್ಪತ್ರೆಯ ಚರಂಡಿಗೆ ಹೋಯಿತು. ಇದನ್ನು ಅಮ್ಮನಿಗೆ ಹೇಳಬಾರದಿತ್ತೇನೋ. "ಹೋಗ್ಲಿ ಬಿಡು, ನಿಮ್ಮಜ್ಜಿಗೆ ನೀರು ಕಂಡರೆ ಇಷ್ಟ" ಅಂದಳು.

ಪಟ್ಟಿ ಬಿಚ್ಚಿದ ದಿನ ಗೋಡೆ ನೋಡಿ, "ಬಣ್ಣ ಹೊಡೆಸಿದ್ಯೇನೋ?" ಎಂದು ಕೇಳಿದ್ದಳು. ವಯಸ್ಸಾದ ಲೆನ್ಸ್ ಹಳದಿಯಾಗಿರುತ್ತದೆ, ತೆಗೆದ ಮೇಲೆ ಬಿಳಿ ಬಿಳಿಯಾಗಿ ಕಾಣುತ್ತದೆ. ಆಮೇಲೆ ನನ್ನ ಕಡೆ ತಿರುಗಿ ತುಸು ಹೊತ್ತು ನೋಡಿದಳು. "ಅಯ್ಯೋ, ಥೇಟ್ ನಿಮ್ಮಪ್ಪನೇ ಆಗಿಬಿಟ್ಟಿದ್ದೀಯಲ್ಲೋ!"

ಅಪ್ಪ ಹೋದಾಗ ಅವರಿಗೆ 49. ಅವರ ಚಾಳೀಸಿನ ಕನ್ನಡಕ ಇನ್ನೂ ಬೀರುವಿನಲ್ಲಿದೆ. ತೆಗೆದು ಒರೆಸಿ ಹಾಕಿಕೊಂಡೆ. ಮಾತ್ರೆಯ ತಾರೀಖು ಸ್ಪಷ್ಟವಾಗಿ ಕಂಡಿತು. ಮಾರ್ಚಿಗೇ ಮುಗಿದಿತ್ತು, ಮಾತ್ರೆದು.