ಯಾವಾಗಿನಿಂದ ಅಂತ ಮೊದಲು ಹೇಳಿ
ಧಾರವಾಡದಲ್ಲಿ ನನ್ನ ಹತ್ತಿರ ಬರುವ ದೊಡ್ಡವರಲ್ಲಿ ಕೆಲವರು ಮೊಬೈಲ್ ಮುಂದೆ ಹಿಡಿದೇ ಮಾತು ಶುರು ಮಾಡುತ್ತಾರೆ. ಯಾವುದೋ ಆನ್‌ಲೈನ್ ಪರೀಕ್ಷೆಯಲ್ಲಿ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹಕ್ಕೆ ತೊಡಕಾಗುವ ಕಲಿಕೆಯ ನ್ಯೂನತೆ, ಅಂತ ಬಂದಿರುತ್ತದೆ. "ಎರಡು ವರ್ಷ ಆತು, ಓದಿದ್ದು ತಲಿಗೆ ಹತ್ತವಲ್ದುರೀ" ಅನ್ನುತ್ತಾರೆ.

ದಯವಿಟ್ಟು ಇದೊಂದು ತಿಳಿದುಕೊಳ್ಳಿ. ಕಲಿಕೆಯ ನ್ಯೂನತೆ ನಲವತ್ತಕ್ಕೆ ಹೊಸದಾಗಿ ಬರುವುದಿಲ್ಲ. ಅಕ್ಷರ ಕಲಿಯುವ ವಯಸ್ಸಿನಿಂದಲೇ ಇರುತ್ತದೆ. ಆಗ ಯಾರೂ ಗುರುತಿಸಿರಲಿಕ್ಕಿಲ್ಲ, ಅದು ಬೇರೆ ಮಾತು. ಮೊದಲು ಸಲೀಸಾಗಿ ಓದುತ್ತಿದ್ದವರಿಗೆ ಈಗ ಆಗುತ್ತಿಲ್ಲ ಅಂದರೆ ನಿದ್ದೆ, ಖಿನ್ನತೆ, ಥೈರಾಯ್ಡ್, ಕಣ್ಣು ಇವನ್ನು ಮೊದಲು ನೋಡಬೇಕು. ದಿಢೀರನೆ ಅಕ್ಷರವೇ ತಿಳಿಯದಂತಾದರೆ ಅದು ಪಾರ್ಶ್ವವಾಯು ಇರಬಹುದು. ನನಗಾಗಿ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಬಡತನದಿಂದ ಶಾಲೆ ಬಿಟ್ಟವರ ಓದಿನ ತೊಂದರೆಯೂ ತಾನಾಗಿ ನ್ಯೂನತೆ ಆಗುವುದಿಲ್ಲ.

ನಿಜವಾಗಿ ನ್ಯೂನತೆ ಇರುವವರು ತಮಗಾಗಿ ಬರುವುದು ಕಡಿಮೆ. ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮಗನೊಂದಿಗೆ ಬಂದಿದ್ದರು. ಫಾರ್ಮ್ ಕೊಟ್ಟೆ. "ಚಸ್ಮಾ ಮರತ ಬಂದೇನ್ರಿ, ನೀವಽ ತುಂಬ್ರಿ" ಅಂದರು. ಚಸ್ಮಾ ಕಿಸೆಯಲ್ಲೇ ಕಾಣುತ್ತಿತ್ತು. ಚೀಲದ ಲೆಕ್ಕ ಬಾಯಲ್ಲೇ ಪಟಪಟ ಹೇಳುವ ಮನುಷ್ಯ, ವಾಟ್ಸಾಪಿನಲ್ಲಿ ಒಂದು ಸಾಲೂ ಬರೆಯುವುದಿಲ್ಲ, ಎಲ್ಲ ವಾಯ್ಸ್ ಮೆಸೇಜ್. ಮಗನ ಬಗ್ಗೆ ನಾನು ಕೇಳಿದ ಪ್ರಶ್ನೆಗೆಲ್ಲ ತಮ್ಮದೇ ಉತ್ತರ ಕೊಡತೊಡಗಿದರು. "ನನಗೂ ಹಿಂಗಽ ಇತ್ತಲ್ರಿ. ಮಾಸ್ತರು ದಡ್ಡ ಅಂತಿದ್ರು." ದಡ್ಡತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಒಂದೇ ಮನೆತನದಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ.

ಅಕ್ಷರ ತಿರುವುಮುರುವು ಕಾಣುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಅದನ್ನು ಬಿಡಿ. ಕನ್ನಡವನ್ನು ಬಹುಮಟ್ಟಿಗೆ ಬರೆದ ಹಾಗೇ ಓದುತ್ತೇವೆ ಅಲ್ವಾ? ಹಾಗಾಗಿ ದೊಡ್ಡವರಲ್ಲಿ ತಪ್ಪಿಗಿಂತ ನಿಧಾನವೇ ಜಾಸ್ತಿ ಕಾಣುತ್ತದೆ. ಒತ್ತಕ್ಷರ ಬಂದರೆ ತಡವರಿಸುತ್ತಾರೆ. ಬರೆಯುವಾಗ ದೀರ್ಘ ಬಿಟ್ಟುಹೋಗುತ್ತದೆ. ಪ್ಯಾರಾ ಮುಗಿಯುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ಇಂಗ್ಲಿಷ್ ಅಂದರೆ ಬೆವರು. ಕೆಲವರಿಗೆ ಓದು ಸರಿ, ಅಂಕಿ ಮಾತ್ರ ಅದಲುಬದಲು.

ಇಷ್ಟು ನೋಡಿ ನ್ಯೂನತೆ ಇದೆ ಅಂತ ನಾನು ಸುಮ್ನೆ ಬರೆದುಕೊಡಲಾರೆ. ನಮ್ಮಲ್ಲಿರುವ ಪರೀಕ್ಷೆಗಳಲ್ಲಿ ಹೆಚ್ಚಿನವು ಮಕ್ಕಳಿಗಾಗಿ ಮಾಡಿದವು. ದೊಡ್ಡವರ ವಿಷಯದಲ್ಲಿ ಹಳೆಯ ಕಥೆಯೇ ಮುಖ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕೆಯ ನ್ಯೂನತೆಯೂ ಇದೆ. ನೌಕರಿ ಪರೀಕ್ಷೆಗೆ ಕೂರುವವರು ಇದನ್ನು ತಿಳಿದಿರಬೇಕು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ, ನನ್ನ ಹತ್ತಿರ ಬನ್ನಿ, ಎಲ್ಲಿಗೇ ಆಗಲಿ ಪ್ರಾಥಮಿಕ ಶಾಲೆಯ ಅಂಕಪಟ್ಟಿ ಸಿಕ್ಕರೆ ತನ್ನಿ. ನಿಮ್ಮನ್ನು ಚಿಕ್ಕಂದಿನಿಂದ ನೋಡಿದ ಅವ್ವನನ್ನೋ ಅಣ್ಣನನ್ನೋ ಕರೆದುಕೊಂಡು ಬನ್ನಿ.